ಎಂಟು ದಿನದ ನೀರು, ಎಂಟು ದಿನದ ಸೊಳ್ಳೆ

ಗಣೇಶನ ಹಬ್ಬಕ್ಕೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಪಕ್ಕದ ಮನೆಯ ಯಜಮಾನರು ನನ್ನನ್ನು ಗೇಟಿನ ಬಳಿ ತಡೆದು ನಿಲ್ಲಿಸಿದರು. “ಮೇಷ್ಟ್ರೇ, ನಮ್ಮ ಮನೆ ಹಿಂದೆ ಚರಂಡಿ ಐತೆ. ರಾತ್ರಿಯೆಲ್ಲಾ ಸೊಳ್ಳೆ ಕಿತ್ಕೊಂಡು ತಿಂತಾವೆ. ನಮಗ್ಯಾರಿಗೂ ಒಂದು ಜ್ವರ ಬರ್ಲಿಲ್ಲ. ಎದುರು ಮನೆಯೋರು ಕಿಟಕಿಗೆಲ್ಲ ಜಾಲರಿ ಹೊಡ್ಸಿದಾರೆ, ಅವ್ರ ಮನೇಲಿ ಮೂರು ಜನಕ್ಕೆ ಡೆಂಗಿ. ಇದೆಂಥ ನ್ಯಾಯ ಹೇಳ್ರಿ?”

ಚಿತ್ರದುರ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನು ನಾನು. ಸೊಳ್ಳೆಯ ಜೀವನಚಕ್ರದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಂದರೆ ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲೆ. ಆದರೂ ಇಷ್ಟು ನೇರವಾದ ಪ್ರಶ್ನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಅವರು ಕೇಳಬೇಕಾಗಿಯೂ ಇರಲಿಲ್ಲ. ಗೇಟಿನ ಬಳಿ ನಿಂತು ನಾನು ಕೊಟ್ಟ ಉತ್ತರ ಅರೆಬರೆಯಾಯಿತು. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಮನೆಯ ಹಿಂದಿನ ಚರಂಡಿಯಲ್ಲಿ ಹುಟ್ಟಿ, ದೀಪ ಆರಿಸಿದ ಮೇಲೆ ಕಿವಿಯ ಬಳಿ ಗುಂಯ್‌ಗುಡುವ ಕಂದು ಸೊಳ್ಳೆಯ ಹೆಸರು ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್. ಕೊಳೆನೀರೇ ಇದರ ತವರು. ಆನೆಕಾಲು ರೋಗದ ಹುಳುವನ್ನು ಇದು ಒಬ್ಬರಿಂದ ಒಬ್ಬರಿಗೆ ಸಾಗಿಸಬಲ್ಲದು. ವೆಸ್ಟ್ ನೈಲ್ ಎಂಬ ವೈರಸ್ಸನ್ನೂ ಹರಡಬಲ್ಲದು. ಹಾಗಾಗಿ ಇದನ್ನು ನಿರಪರಾಧಿ ಎಂದು ಬಿಟ್ಟುಬಿಡುವಂತಿಲ್ಲ. ಆದರೆ ಡೆಂಗಿಯ ವಿಷಯಕ್ಕೆ ಬಂದರೆ, ಡೆಂಗಿ ರೋಗಿಯ ರಕ್ತವನ್ನು ಇದು ಹೊಟ್ಟೆ ಬಿರಿಯುವಷ್ಟು ಕುಡಿದರೂ ಆ ವೈರಸ್ಸು ಇದರ ಕರುಳಿನಿಂದ ಮುಂದಕ್ಕೆ ಹೋಗುವುದಿಲ್ಲ. ಕುಡಿದ ರಕ್ತದ ಜೊತೆಗೆ ಅದೂ ಜೀರ್ಣವಾಗಿ ಹೋಗುತ್ತದೆ. ಏಡ್ಸ್ ತರುವ ಎಚ್‌ಐವಿಯನ್ನು ಯಾವ ಸೊಳ್ಳೆಯೂ ಹರಡದಿರುವುದಕ್ಕೆ ಇದೇ ಕಾರಣ. ಸೊಳ್ಳೆಯನ್ನು ಒಂದು ಸೂಜಿಯೆಂದು, ಒಬ್ಬರಿಗೆ ಚುಚ್ಚಿ ಇನ್ನೊಬ್ಬರಿಗೆ ಚುಚ್ಚಿದರೆ ರೋಗ ಅಂಟುತ್ತದೆಂದು ಬಹಳ ಜನ ಭಾವಿಸುತ್ತಾರೆ. ಸೊಳ್ಳೆ ಸೂಜಿಯಲ್ಲ. ಅದು ರಕ್ತ ಹೀರುವ ದಾರಿಯೇ ಬೇರೆ, ಜೊಲ್ಲು ಬಿಡುವ ದಾರಿಯೇ ಬೇರೆ. ವೈರಸ್ಸು ಒಳಕ್ಕೆ ಹೋಗುವುದು ರಕ್ತದ ದಾರಿಯಲ್ಲಿ, ಹೊರಕ್ಕೆ ಬರಬೇಕಾದದ್ದು ಜೊಲ್ಲಿನ ದಾರಿಯಲ್ಲಿ. ಈ ಎರಡು ದಾರಿಗಳ ನಡುವೆ ಇಡೀ ಸೊಳ್ಳೆಯ ದೇಹವಿದೆ.

ಆ ದೇಹವನ್ನು ದಾಟುವುದು ಸುಲಭದ ಮಾತಲ್ಲ. ದುರ್ಗದವರಿಗೆ ಕೋಟೆ ಬಿಟ್ಟರೆ ಬೇರೆ ಹೋಲಿಕೆ ಹೊಳೆಯುವುದಿಲ್ಲ ಎಂದು ದಾವಣಗೆರೆಯ ನನ್ನ ಗೆಳೆಯರು ಹಾಸ್ಯ ಮಾಡುತ್ತಾರಾದರೂ ಇಲ್ಲಿ ಅದೇ ಹೋಲಿಕೆ ಸರಿಹೊಂದುತ್ತದೆ. ಮೊದಲ ಸುತ್ತು ನಡುಗರುಳಿನ ಗೋಡೆ. ಅಲ್ಲಿನ ಜೀವಕೋಶಕ್ಕೆ ಅಂಟಿಕೊಂಡು ಒಳನುಗ್ಗುವ ಕೀಲಿ ವೈರಸ್ಸಿನ ಮೈಮೇಲೆ ಇರಬೇಕು. ಕ್ಯೂಲೆಕ್ಸಿನ ಕರುಳಿಗೆ ಹೊಂದುವ ಕೀಲಿ ಡೆಂಗಿಯ ಬಳಿ ಇಲ್ಲ, ಡೆಂಗಿ ಹರಡುವ ಈಡಿಸ್ ಎಂಬ ಸೊಳ್ಳೆಯ ಕರುಳಿಗೆ ಹೊಂದುವುದು ಇದೆ. ಒಳಹೊಕ್ಕ ಮೇಲೆ ಅಲ್ಲೇ ಮರಿ ಮಾಡಿಕೊಂಡು ಗೋಡೆಯ ಆಚೆ ಬದಿಗೆ ಹೊರಬೀಳುವುದು ಎರಡನೆಯ ಸುತ್ತು. ಹೊರಬಿದ್ದದ್ದು ಸೊಳ್ಳೆಯ ದೇಹದ್ರವದಲ್ಲಿ ತೇಲಿ ಜೊಲ್ಲುಗ್ರಂಥಿಯನ್ನು ಸೇರುವುದು ಮೂರನೆಯದು, ಗ್ರಂಥಿಯ ಒಳಗಿನಿಂದ ಜೊಲ್ಲಿಗೆ ಇಳಿಯುವುದು ಕೊನೆಯದು. ಈ ದಾರಿಯುದ್ದಕ್ಕೂ ಸೊಳ್ಳೆಯ ಜೀವಕೋಶಗಳು ಸುಮ್ಮನೆ ಕುಳಿತಿರುವುದಿಲ್ಲ. ವೈರಸ್ಸಿನ ಆರ್‌ಎನ್‌ಎ ಎಂಬ ವಂಶವಾಹಿ ಎಳೆ ಕಂಡಲ್ಲಿ ಅದನ್ನು ತುಂಡರಿಸುವ ಏರ್ಪಾಡೊಂದು ಅವುಗಳೊಳಗಿದೆ. ಕಿಂಡಿಯಲ್ಲಿ ತೂರಿ ಬಂದವರನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಬಡಿದ ಓಬವ್ವನ ಹಾಗೆ. ಬರುವವರು ಕೆಲವರಾದರೆ ಒನಕೆ ಸಾಕು. ರಕ್ತದಲ್ಲಿ ವೈರಸ್ಸು ಅಪಾರವಾಗಿದ್ದ ರೋಗಿಯನ್ನು ಸೊಳ್ಳೆ ಕಚ್ಚಿದ್ದರೆ ಸಾಲುವುದಿಲ್ಲ. ಇನ್ನೊಂದು ಸಂಗತಿ ಇತ್ತೀಚಿನ ವರ್ಷಗಳಲ್ಲಿ ತಿಳಿದುಬಂದದ್ದು: ವೈರಸ್ಸು ಕರುಳಿನಲ್ಲಿ ಇರುವಾಗ ಸೊಳ್ಳೆ ಎರಡನೆಯ ಸಲ ರಕ್ತ ಕುಡಿದರೆ, ಆ ರಕ್ತದಲ್ಲಿ ವೈರಸ್ಸು ಇಲ್ಲದಿದ್ದರೂ, ಕರುಳು ಹಿಗ್ಗಿ ಅದರ ಹೊರಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ ಮತ್ತು ವೈರಸ್ಸು ಆ ಮೂಲಕ ಬೇಗ ಪಾರಾಗುತ್ತದೆ. ಕಿಂಡಿಯನ್ನು ತೆರೆದುಕೊಡುವುದು ಸೊಳ್ಳೆಯ ಹಸಿವೇ.

ಒಂದು ಊರಿನ ಸೊಳ್ಳೆ ಒಂದು ವೈರಸ್ಸನ್ನು ಹೀಗೆ ಕೊನೆಯ ಸುತ್ತಿನವರೆಗೂ ಸಾಗಿಸಬಲ್ಲದೇ ಎಂಬುದಕ್ಕೆ ವಾಹಕ ಸಾಮರ್ಥ್ಯವೆಂದು ಹೆಸರು. ಅದನ್ನು ಅಳೆಯುವ ವಿಧಾನ ನನಗೆ ಯಾವಾಗಲೂ ಬೆರಗು ಹುಟ್ಟಿಸಿದೆ. ಊರಿನಲ್ಲಿ ಸಂಗ್ರಹಿಸಿದ ಮೊಟ್ಟೆಗಳನ್ನು ಪ್ರಯೋಗಾಲಯದಲ್ಲಿ ಮರಿ ಮಾಡಿಸಿ, ಬೆಳೆದ ಹೆಣ್ಣು ಸೊಳ್ಳೆಗಳನ್ನು ಉಪವಾಸ ಕೆಡವಿ, ತೆಳುವಾದ ಪೊರೆಯ ಆಚೆಗೆ ಬೆಚ್ಚಗಿಟ್ಟ ವೈರಸ್ಸು ಬೆರೆತ ರಕ್ತವನ್ನು ಅವುಗಳಿಗೆ ಕುಡಿಸುತ್ತಾರೆ. ಎರಡು ವಾರ ಬೆಚ್ಚನೆಯ ಕೋಣೆಯಲ್ಲಿ ಸಾಕುತ್ತಾರೆ. ಆಮೇಲೆ ಪ್ರತಿಯೊಂದು ಸೊಳ್ಳೆಯನ್ನೂ ಮೂರು ಭಾಗವಾಗಿ ಪರೀಕ್ಷಿಸುತ್ತಾರೆ. ಹೊಟ್ಟೆಯಲ್ಲಿ ವೈರಸ್ಸಿದ್ದರೆ ಮೊದಲ ಗೋಡೆ ಬಿದ್ದಿದೆ ಎಂದು ಅರ್ಥ. ಕಾಲು, ರೆಕ್ಕೆಗಳಲ್ಲಿ ಇದ್ದರೆ ಅದು ಕರುಳು ದಾಟಿ ಮೈಯೆಲ್ಲ ಹರಡಿದೆ. ಜೊಲ್ಲಿನಲ್ಲಿ ಇದೆಯೇ ಎಂದು ತಿಳಿಯಲು ಕಾಲು, ರೆಕ್ಕೆ ಕಳೆದುಕೊಂಡ ಸೊಳ್ಳೆಯ ಸೊಂಡಿಲನ್ನು ಕೂದಲಿನಂಥ ಗಾಜಿನ ಕೊಳವೆಗೆ ತೂರಿಸಿ, ಅದು ಉಗುಳುವ ಲವಲೇಶ ಜೊಲ್ಲನ್ನು ಹಿಡಿಯುತ್ತಾರೆ. ನೂರು ಸೊಳ್ಳೆಗಳ ಹೊಟ್ಟೆಯಲ್ಲಿ ವೈರಸ್ಸು ಸಿಕ್ಕರೂ ಜೊಲ್ಲಿನಲ್ಲಿ ಸಿಗುವುದು ಅದಕ್ಕಿಂತ ಕಡಿಮೆ ಸೊಳ್ಳೆಗಳಲ್ಲಿ. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಹೆಸರಾಗಿದೆ. 1952ರಲ್ಲಿ ಅದು ಆರಂಭವಾದದ್ದೇ ಕೀಟಗಳು ಹರಡುವ ವೈರಸ್ಸುಗಳ ಅಧ್ಯಯನಕ್ಕಾಗಿ.

“ಊರಿನ ಸೊಳ್ಳೆ” ಎಂದು ಒತ್ತಿ ಹೇಳಲು ಕಾರಣವಿದೆ. ಡೆಂಗಿಯ ಮುಖ್ಯ ವಾಹಕವಾದ ಈಡಿಸ್ ಈಜಿಪ್ಟಿಯ ಮೂಲ ಆಫ್ರಿಕಾ. ಹಡಗುಗಳ ನೀರಿನ ಪೀಪಾಯಿಗಳಲ್ಲಿ ಪ್ರಯಾಣ ಮಾಡಿ ಅದು ಲೋಕವೆಲ್ಲ ಹಬ್ಬಿತು. ಆಫ್ರಿಕಾದ ಕಾಡಿನಲ್ಲಿ ಉಳಿದ ಅದರ ಕಪ್ಪು ತಳಿ ಮನುಷ್ಯರ ಹಿಂದೆ ಅಷ್ಟಾಗಿ ಬೀಳುವುದಿಲ್ಲ, ಡೆಂಗಿಯನ್ನು ಹೊರುವುದರಲ್ಲೂ ಹಿಂದು. ಮನೆ ಸೇರಿದ ತಳಿಗೆ ಎರಡೂ ಕರಗತ. ಹೆಸರು ಒಂದೇ ಆದರೂ ಊರಿಂದೂರಿಗೆ ಸಾಮರ್ಥ್ಯ ಬದಲಾಗುತ್ತದೆ.

ವೈರಸ್ಸೂ ಬದಲಾಗುತ್ತದೆ. ಅದನ್ನು ನಮ್ಮ ಜಿಲ್ಲೆಯವರು ಮೊಣಕಾಲಿನಲ್ಲಿ ಅನುಭವಿಸಿದ್ದೇವೆ. 2006ರಲ್ಲಿ ಚಿಕೂನ್‌ಗುನ್ಯ ಬಂದಾಗ ಕರ್ನಾಟಕವೊಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಸಿಕ್ಕವು. ಲೆಕ್ಕಕ್ಕೆ ಸಿಗದವರಲ್ಲಿ ನಾನೂ ಒಬ್ಬ. ಬೆಳಿಗ್ಗೆ ಎದ್ದು ಚೊಂಬು ಹಿಡಿಯಲಾಗದೆ, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ. ಆ ರೋಗವನ್ನು ಮೊದಲು ಗುರುತಿಸಿದ್ದು 1952–53ರಲ್ಲಿ ಇಂದಿನ ಟಾಂಜಾನಿಯಾದಲ್ಲಿ. ಅಲ್ಲಿನ ಮಕೊಂಡೆ ಭಾಷೆಯಲ್ಲಿ ಆ ಹೆಸರಿಗೆ ಬಾಗಿಸುವಂಥದ್ದು ಎಂದು ಅರ್ಥವೆಂಬುದು ನನಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಅರ್ಧ ಜನ ಬಾಗಿದ್ದರು, ಇನ್ನರ್ಧ ಜನ ಹೆಸರಿನಲ್ಲಿ ‘ಚಿಕನ್’ ಕೇಳಿಸಿತೆಂದು ಕೋಳಿ ತಿನ್ನುವುದನ್ನು ಬಿಟ್ಟಿದ್ದರು. ಆ ವರ್ಷ ನಮ್ಮನ್ನು ಬಾಗಿಸಿದ ವೈರಸ್ಸನ್ನು ಹೊತ್ತದ್ದು ಮನೆಯೊಳಗಿನ ಈಡಿಸ್ ಈಜಿಪ್ಟಿ. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿ ಬೇರೊಂದು ಕಥೆ ನಡೆದಿತ್ತು. ಅಲ್ಲಿ ಹೆಚ್ಚಾಗಿದ್ದದ್ದು ಈಡಿಸ್ ಆಲ್ಬೊಪಿಕ್ಟಸ್, ಎಂದರೆ ಹುಲಿಸೊಳ್ಳೆ. ವೈರಸ್ಸಿನ ಹೊರಕವಚದ ಒಂದು ಪ್ರೋಟೀನಿನಲ್ಲಿ 226ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ, ಅಲನೀನ್ ಇದ್ದಲ್ಲಿ ವ್ಯಾಲೀನ್, ಬದಲಾಯಿತು. ಹುಲಿಸೊಳ್ಳೆಯ ಕರುಳಿನ ಬಾಗಿಲು ಆ ವೈರಸ್ಸಿಗೆ ಸಲೀಸಾಗಿ ತೆರೆಯಿತು. ದ್ವೀಪದ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ರೋಗ ತಗುಲಿತು. 2006ರಲ್ಲಿ ಭಾರತದಲ್ಲಿ ಸಿಕ್ಕ ವೈರಸ್ಸಿನಲ್ಲಿ ಆ ಬದಲಾವಣೆ ಇರಲಿಲ್ಲ. 2007ರಲ್ಲಿ ಕೇರಳದಲ್ಲಿ ಸಿಕ್ಕದ್ದರಲ್ಲಿ ಇತ್ತು. ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳಲ್ಲಿ ಮಳೆನೀರು ನಿಂತು ಹುಲಿಸೊಳ್ಳೆ ಹೇರಳವಾಗಿ ಬೆಳೆಯುವ ನಾಡು ಅದು.

ನಮ್ಮಲ್ಲಿ ರಬ್ಬರ್ ಇಲ್ಲ, ಆದರೆ ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟಗಳಿವೆ. ಬಿದ್ದ ಹಾಳೆಯನ್ನು ಆಯದೆ ಬಿಟ್ಟರೆ ಅದರ ಬುಡದ ದೋಣಿಯಲ್ಲಿ ಒಂದು ಲೋಟದಷ್ಟು ನೀರು ನಿಲ್ಲುತ್ತದೆ, ಹುಲಿಸೊಳ್ಳೆಗೆ ಅಷ್ಟು ಸಾಕು. ಎದೆಯ ಬೆನ್ನಿನ ಮೇಲೆ ನಾಮದಂತೆ ಒಂದೇ ಬಿಳಿಗೆರೆ ಇದ್ದರೆ ಅದು ಹುಲಿಸೊಳ್ಳೆ. ಎರಡು ಬದಿಗೂ ಬಾಗಿದ ಗೆರೆಗಳು, ಕಿನ್ನರಿಯ ಆಕಾರದಲ್ಲಿ ಇದ್ದರೆ ಅದು ಈಜಿಪ್ಟಿ. ಭೂತಗನ್ನಡಿಯಲ್ಲಿ ಒಮ್ಮೆ ನೋಡಿದವರು ಮರೆಯುವುದಿಲ್ಲ.

ಇನ್ನೊಂದು ಸೊಳ್ಳೆಯ ಬಗ್ಗೆ ಹೇಳದೆ ಹೋದರೆ ದುರ್ಗದ ಬಗ್ಗೆ ಬರೆದಂತಾಗುವುದಿಲ್ಲ. ನಮ್ಮ ಬೆಟ್ಟದ ಬಂಡೆಗಳ ಮೇಲೆ ದೊಣೆಗಳಿವೆ. ದೊಡ್ಡ ದೊಣೆಗಳಲ್ಲಿ ವರ್ಷವಿಡೀ ನೀರು. ಸಣ್ಣವು ಅಂಗೈ ಅಗಲದ ಕುಳಿಗಳು, ಮಳೆ ಬಂದಾಗ ತುಂಬಿ ಬಿಸಿಲಿಗೆ ಒಣಗುತ್ತವೆ. ಮೂರು ವರ್ಷದ ಹಿಂದೆ ಮಳೆಗಾಲದ ಒಂದು ಭಾನುವಾರ ಅಂಥ ಕುಳಿಯೊಂದರಿಂದ ಔಷಧಿ ಬಾಟಲಿಯಲ್ಲಿ ನೀರು ತುಂಬಿ ತಂದು, ಬಾಯಿಗೆ ಪರದೆ ಬಟ್ಟೆ ಕಟ್ಟಿ ಕಿಟಕಿಯಲ್ಲಿ ಇಟ್ಟೆ. ಒಂದು ವಾರದೊಳಗೆ ಕೋಶ ಬಿರಿದು ಸೊಳ್ಳೆಗಳು ಬಂದವು. ಎದೆಯ ಮೇಲೆ ಗೆರೆಯಿಲ್ಲ. ಪುಟ್ಟ ರಂಗೋಲಿಯ ಚುಕ್ಕಿಗಳಂತೆ ಮೂರು ಜೊತೆ ಬಿಳಿ ಚುಕ್ಕೆ. ಅದು ಈಡಿಸ್ ವಿಟ್ಟೇಟಸ್, ಬಂಡೆಯ ಕುಳಿಗಳನ್ನೇ ಹುಡುಕಿ ಮೊಟ್ಟೆಯಿಡುವ ಜಾತಿ. ಚಿಕೂನ್‌ಗುನ್ಯ ವೈರಸ್ಸನ್ನು ಈ ಸೊಳ್ಳೆ ಸಾಗಿಸಬಲ್ಲದೆಂದು ನಮ್ಮ ದೇಶದ ವಿಜ್ಞಾನಿಗಳು 1980ರ ದಶಕದಲ್ಲೇ ಪ್ರಯೋಗದಿಂದ ತೋರಿಸಿದ್ದರು; ಜೀಕಾ ವೈರಸ್ಸನ್ನೂ ಸಾಗಿಸಬಲ್ಲದೆಂದು ಆಫ್ರಿಕಾದ ಸೆನೆಗಲ್‌ನ ಸೊಳ್ಳೆಗಳ ಮೇಲೆ ನಡೆದ ಪ್ರಯೋಗ ತೋರಿಸಿದೆ. ಇಷ್ಟು ಓದಿದ ಕೂಡಲೆ ಕೋಟೆಗೆ ಹೋಗುವುದನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಕರುಳು ಒಪ್ಪುವುದು ಒಂದು ಮಾತು, ಬದುಕಿನ ರೀತಿ ಒಪ್ಪುವುದು ಇನ್ನೊಂದು. ಬಂಡೆಯ ಮೇಲೆ ಹುಟ್ಟಿ ಬಯಲಿನಲ್ಲಿ ತಿರುಗುವ ಈ ಸೊಳ್ಳೆ ಸಿಕ್ಕಿದ ಪ್ರಾಣಿಯನ್ನೆಲ್ಲ ಕಚ್ಚುತ್ತದೆ. ಒಬ್ಬ ಜ್ವರದ ಮನುಷ್ಯನನ್ನು ಕಚ್ಚಿ, ಬದುಕಿ ಉಳಿದು, ಮತ್ತೊಬ್ಬ ಮನುಷ್ಯನನ್ನೇ ಕಚ್ಚುವ ಸಂಭವ ಕಡಿಮೆ. ಈಜಿಪ್ಟಿಯಾದರೋ ನಮ್ಮ ಮಂಚದ ಕೆಳಗೆ, ನೇತುಹಾಕಿದ ಅಂಗಿಯ ಮಡಿಕೆಯಲ್ಲಿ ಮನೆ ಮಾಡಿಕೊಂಡು, ನಮ್ಮ ರಕ್ತವನ್ನೇ ಬಯಸಿ, ಒಂದು ಕಂತಿನ ಮೊಟ್ಟೆಗೆ ಬೇಕಾದ ರಕ್ತವನ್ನು ಎರಡು ಮೂರು ಜನರಿಂದ ಸ್ವಲ್ಪ ಸ್ವಲ್ಪವಾಗಿ ವಸೂಲು ಮಾಡುತ್ತದೆ. ಎದುರು ಮನೆಯ ಮೂವರಿಗೆ ಮೂರು ಸೊಳ್ಳೆ ಬೇಕಾಗಿರಲಿಲ್ಲ. ಹಗಲು ಹೊತ್ತು ಕಣಕಾಲಿನ ಬಳಿ ಸದ್ದಿಲ್ಲದೆ ಕಚ್ಚಿ ಹೋಗುವ ಒಂದೇ ಸೊಳ್ಳೆ ಸಾಕಾಗಿತ್ತು. ಅಂಥದ್ದು ಮನೆಯಲ್ಲಿ ಎರಡೋ ಮೂರೋ ಇದ್ದರೆ “ನಮ್ಮಲ್ಲಿ ಸೊಳ್ಳೆಯೇ ಇಲ್ಲ” ಎನ್ನುವುದು ಸಹಜ.

ಆದರೆ ಆ ಒಂದು ಸೊಳ್ಳೆಗೆ ವಯಸ್ಸಾಗಿರಬೇಕು. ಈ ಮಾತು ಬಹಳ ಜನರಿಗೆ ಹೊಸದು. ವೈರಸ್ಸು ಕರುಳಿನಿಂದ ಹೊರಟು ಜೊಲ್ಲು ಸೇರಲು ಗಾಳಿಯ ಉಷ್ಣಾಂಶ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವಾಗ 8ರಿಂದ 12 ದಿನ ಬೇಕು. ಹುಟ್ಟಿದ ಸೊಳ್ಳೆ ಮೊದಲ ಸಲ ರಕ್ತ ಕುಡಿಯಲು ಎರಡು ಮೂರು ದಿನ ಹಿಡಿಯುತ್ತದೆ. ಆ ಮೊದಲ ರಕ್ತದಲ್ಲೇ ವೈರಸ್ಸು ಸಿಕ್ಕಿದೆ ಎಂದುಕೊಂಡರೂ ಅದು ಇನ್ನೊಬ್ಬರಿಗೆ ರೋಗ ದಾಟಿಸುವ ಹೊತ್ತಿಗೆ ಹತ್ತು ಹದಿನಾಲ್ಕು ದಿನದ ಮುದುಕಿಯಾಗಿರುತ್ತದೆ. ಸೊಳ್ಳೆಯ ಲೋಕದಲ್ಲಿ ಅಷ್ಟು ದಿನ ಬದುಕುವುದೇ ಒಂದು ಸಾಧನೆ. ಒಂದು ಲೆಕ್ಕ ಮಾಡಿ ನೋಡೋಣ. ಡೆಂಗಿ ರೋಗಿಯ ರಕ್ತ ಕುಡಿದ 100 ಸೊಳ್ಳೆಗಳಿವೆ. ದಿನಕ್ಕೆ ನೂರಕ್ಕೆ ಹತ್ತರಂತೆ ಸಾಯುತ್ತವೆ ಎಂದರೆ ಹತ್ತು ದಿನದ ನಂತರ ಉಳಿಯುವುದು 35. ನೂರಕ್ಕೆ ಇಪ್ಪತ್ತರಂತೆ ಸತ್ತರೆ ಉಳಿಯುವುದು 11. ಮೂವತ್ತರಂತೆ ಸತ್ತರೆ 3. ಸಾಯುವ ಪ್ರಮಾಣ ಮೂರು ಪಟ್ಟಾದರೆ ಅಪಾಯಕಾರಿಗಳ ಸಂಖ್ಯೆ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಣಿತದ ಮೇಷ್ಟರೊಬ್ಬರಿಗೆ ಇದನ್ನು ತೋರಿಸಿದಾಗ, ಸೊಳ್ಳೆ ಬ್ಯಾಟಿಗೆ ಇಷ್ಟು ಗೌರವ ಸಲ್ಲಬೇಕೆಂದು ತಮಗೆ ಗೊತ್ತಿರಲಿಲ್ಲ ಎಂದರು.

ಬಿಸಿಲೂ ಈ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಸೆಖೆ ಹೆಚ್ಚಿದಷ್ಟೂ ವೈರಸ್ಸಿನ ಪ್ರಯಾಣ ಬೇಗ ಮುಗಿಯುತ್ತದೆ, ಆದರೆ ತೀರಾ ಹೆಚ್ಚಿದರೆ ಸೊಳ್ಳೆಯೇ ಬದುಕುವುದಿಲ್ಲ. ಈಜಿಪ್ಟಿಯ ಮೂಲಕ ಡೆಂಗಿ ಹರಡಲು ಅತ್ಯಂತ ಅನುಕೂಲವಾದದ್ದು 29 ಡಿಗ್ರಿಯ ಆಸುಪಾಸು ಎಂಬುದು ಈಚಿನ ಅಂದಾಜು. ಹಗಲು ಬೇಗೆ, ರಾತ್ರಿ ತಂಪು ಎನ್ನುವಂತೆ ಉಷ್ಣಾಂಶ ಬಹಳವಾಗಿ ಏರಿಳಿದರೆ ಸೊಳ್ಳೆಯೂ ಕಡಿಮೆ ಬದುಕುತ್ತದೆ, ವೈರಸ್ಸೂ ಕರುಳನ್ನು ಹಿಡಿಯುವುದು ಕಡಿಮೆ. ಏಪ್ರಿಲಿನ ದುರ್ಗಕ್ಕಿಂತ ಆಗಸ್ಟ್, ಸೆಪ್ಟೆಂಬರಿನ ದುರ್ಗ ಸೊಳ್ಳೆಗೂ ವೈರಸ್ಸಿಗೂ ಹಿತವೆನಿಸುವುದು ಇದರಿಂದಲೇ: ಮೋಡ ಮುಚ್ಚಿ ಹಗಲು ರಾತ್ರಿಯ ಅಂತರ ಕುಗ್ಗಿರುತ್ತದೆ, ಗಾಳಿಯಲ್ಲಿ ತೇವವಿರುತ್ತದೆ, ಮುದುಕಿ ಸೊಳ್ಳೆಗಳು ಹೆಚ್ಚು ದಿನ ಬಾಳುತ್ತವೆ.

ಈಗ ನೀರಿನ ಮಾತು. ನಮ್ಮ ಬಡಾವಣೆಯ ನಲ್ಲಿಯಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ಅಷ್ಟು ದೂರ ಬಂದ ನೀರು ಅಪರೂಪದ ನೆಂಟನಿದ್ದಂತೆ. ಬಂದ ದಿನ ಮನೆಯ ಹಂಡೆ, ಕೊಡ, ಡ್ರಮ್ಮು, ತೊಟ್ಟಿ, ಕೊನೆಗೆ ಸಾರಿನ ಪಾತ್ರೆಯೂ ತುಂಬುತ್ತದೆ. ಈಜಿಪ್ಟಿಯ ಮೊಟ್ಟೆ ನೀರು ತಾಗಿದ ಮೇಲೆ ಮರಿಹುಳುವಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಲು ಬೇಕಾಗುವುದು ಎಂಟು ಹತ್ತು ದಿನ. ವೈರಸ್ಸಿಗೆ ಅದರ ಮೈಯಲ್ಲಿ ಬೇಕಾಗುವುದೂ ಕನಿಷ್ಠ ಎಂಟು ದಿನ. ಈ ಮೂರು ಎಂಟು ದಿನಗಳು ಒಂದರ ಪಕ್ಕ ಒಂದು ಬಂದು ಕುಳಿತಿರುವುದನ್ನು ಗಮನಿಸಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಊರಿನ ಸೊಳ್ಳೆಗೆ ಸಾಮರ್ಥ್ಯವೆಂಬುದು ತಲೆತಲಾಂತರದಿಂದ ಬಂದದ್ದು. ಅದರ ಕರುಳನ್ನು ನಾನು ತಿದ್ದಲಾರೆ. ಅವಕಾಶವನ್ನು ಮಾತ್ರ ನನ್ನ ಬಚ್ಚಲಿನ ನೀಲಿ ಡ್ರಮ್ಮು ಕೊಡುತ್ತಿದೆ.

ನಮ್ಮ ಬೀದಿಗೆ ಶುಕ್ರವಾರ ಬರುವ ಆಶಾ ಕಾರ್ಯಕರ್ತೆಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆಕೆ ಮೊಬೈಲಿನ ಬೆಳಕನ್ನು ಡ್ರಮ್ಮಿನೊಳಗೆ ಓರೆಯಾಗಿ ಬಿಟ್ಟು ಒಂದು ಕ್ಷಣ ಸುಮ್ಮನಿರುತ್ತಾಳೆ. ಬೆಳಕಿಗೆ ಬೆದರಿದ ಹುಳುಗಳು ಬಳುಕುತ್ತ ತಳಕ್ಕೆ ಇಳಿಯುವುದು ಆಗ ಕಾಣುತ್ತದೆ. ಪಕ್ಕದ ಮನೆಯಾಕೆ ಆಕೆಯೊಡನೆ ವಾದಕ್ಕಿಳಿದದ್ದನ್ನು ಕೇಳಿದ್ದೇನೆ. “ಎಂಟು ದಿನಕ್ಕೊಂದ್ಸಲ ನೀರು ಬಿಡ್ತಾರೆ, ಚೆಲ್ಲು ಅಂದ್ರೆ ಹೆಂಗಮ್ಮಾ ಚೆಲ್ಲೋದು?” “ಚೆಲ್ಲಬೇಡಕ್ಕಾ, ಬಟ್ಟೆ ಕಟ್ಟು. ಖಾಲಿಯಾದ ದಿನ ಒಳಗೆ ತೆಂಗಿನ ನಾರಲ್ಲಿ ಉಜ್ಜು.” ಆ ಎರಡನೆಯ ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಈಜಿಪ್ಟಿ ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿನ ಅಂಚಿಗೆ ತುಸು ಮೇಲೆ, ಒದ್ದೆ ಗೋಡೆಯ ಮೇಲೆ. ಗಸಗಸೆಗಿಂತ ಸಣ್ಣ ಕಪ್ಪು ಮೊಟ್ಟೆಗಳು ಒಣಗಿಕೊಂಡೇ ತಿಂಗಳುಗಟ್ಟಲೆ ಕಾಯಬಲ್ಲವು. ನೀರು ಚೆಲ್ಲಿ, ಉಜ್ಜದೆ ಮತ್ತೆ ತುಂಬಿಸಿದರೆ ನಾವು ಅವಕ್ಕೆ ಎಣ್ಣೆನೀರು ಹಾಕಿದಂತೆ. ಸೋಂಕಿತ ತಾಯಿ ಸೊಳ್ಳೆಯಿಂದ ಮೊಟ್ಟೆಗೂ ಕೆಲವೊಮ್ಮೆ ವೈರಸ್ಸು ದಾಟುವುದುಂಟು, ಆದರೆ ಅದು ವಿರಳ.

ಹೊಗೆ ಹೊಡೆಯುವ ಗಾಡಿ ಬಂದರೆ ಬೀದಿಯ ಹುಡುಗರಿಗೆ ಸಂಭ್ರಮ. ಸಂಜೆಗತ್ತಲಿನಲ್ಲಿ ಅದು ಬರುವಾಗ ಎಲ್ಲರೂ ಕಿಟಕಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಬೀದಿಯಲ್ಲಿ ಹಾರುತ್ತಿದ್ದ ಕ್ಯೂಲೆಕ್ಸುಗಳು ಸಾಯುತ್ತವೆ. ಮುಚ್ಚಿದ ಕಿಟಕಿಯ ಒಳಗೆ, ಅಂಗಿಯ ಮಡಿಕೆಯಲ್ಲಿ ಈಜಿಪ್ಟಿ ಆರಾಮವಾಗಿ ಕುಳಿತಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದರಿಂದ ಆಗುವ ದೊಡ್ಡ ಉಪಕಾರವೆಂದರೆ ಏನೋ ನಡೆಯುತ್ತಿದೆ ಎಂಬ ಸಮಾಧಾನ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ದಂಡ ತಪ್ಪೆಂದು ಹೇಳಲಾರೆ. ಆದರೆ ದಿನವೂ ನೀರು ಬರುವ ಮನೆಯ ಡ್ರಮ್ಮಿಗೂ ಎಂಟು ದಿನಕ್ಕೊಮ್ಮೆ ಬರುವ ಮನೆಯ ಡ್ರಮ್ಮಿಗೂ ಒಂದೇ ತಕ್ಕಡಿ ಹಿಡಿಯುವುದು ನನಗೆ ಸರಿಕಾಣುವುದಿಲ್ಲ.

ದಾವಣಗೆರೆಯ ಗೆಳೆಯರು ಇಷ್ಟನ್ನು ಓದಿ “ನಮಗೆ ಭದ್ರಾ ನೀರಿದೆ” ಎಂದು ನಗುವ ಮೊದಲು ಒಂದು ಮಾತು. ಭದ್ರಾ ನಾಲೆಯ ಭತ್ತದ ಗದ್ದೆಗಳಲ್ಲಿ ಬೇರೆ ಕ್ಯೂಲೆಕ್ಸ್ ಇದೆ, ಟ್ರೈಟೀನಿಯೊರಿಂಕಸ್ ಎಂಬುದು. ಅದರ ಕರುಳು ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ಸನ್ನು, ಎಂದರೆ ಮೆದುಳು ಜ್ವರದ ವೈರಸ್ಸನ್ನು, ಚೆನ್ನಾಗಿ ಒಪ್ಪುತ್ತದೆ. ಬೆಳ್ಳಕ್ಕಿಯಂಥ ಗದ್ದೆಹಕ್ಕಿಗಳಲ್ಲಿ ಆ ವೈರಸ್ಸು ನೆಲೆಸಿರುತ್ತದೆ, ಹಂದಿಯ ಮೈಯಲ್ಲಿ ನೂರ್ಮಡಿಸುತ್ತದೆ. ಮನುಷ್ಯನ ರಕ್ತದಲ್ಲಿ ಮಾತ್ರ ಅದು ಸೊಳ್ಳೆಗೆ ಮತ್ತೆ ದಾಟುವಷ್ಟು ಹೆಚ್ಚುವುದಿಲ್ಲ. ಮನುಷ್ಯನೆಂದರೆ ಅದಕ್ಕೆ ಮುಂದೆ ದಾರಿಯಿಲ್ಲದ ಓಣಿ. ಹಾಗಾಗಿ ಡೆಂಗಿಯಂತೆ ಮನೆಯಿಂದ ಮನೆಗೆ ಹಬ್ಬುವ ರೋಗವಲ್ಲ ಇದು. ನಮ್ಮ ಪುಣ್ಯಕ್ಕೆ ಆ ಸೊಳ್ಳೆಗೆ ದನಗಳ ರಕ್ತವೇ ಹೆಚ್ಚು ರುಚಿ. ಆದರೆ ಗದ್ದೆ, ಕೊಕ್ಕರೆ, ಬೀದಿ ಹಂದಿ ಮೂರೂ ಒಟ್ಟಿಗೆ ಇರುವ ಕಡೆ ಮಕ್ಕಳಿಗೆ 9 ತಿಂಗಳಿಗೊಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಲಸಿಕೆಯನ್ನು ಕೊಡುವ ಕಾರ್ಯಕ್ರಮವಿದ್ದರೆ ಅದನ್ನು ತಪ್ಪಿಸಬಾರದು. ಪಕ್ಕದ ಶಿವಮೊಗ್ಗದ ಮಂಗನ ಕಾಯಿಲೆಯ ವೈರಸ್ಸು ಡೆಂಗಿಯದೇ ಕುಲದ್ದಾದರೂ ಅದನ್ನು ಹರಡುವುದು ಉಣುಗು, ಸೊಳ್ಳೆಯಲ್ಲ.

ಸಾಮರ್ಥ್ಯವಿದ್ದೂ ಅವಕಾಶ ಸಿಗದ ಸೊಳ್ಳೆಯ ಕಥೆ ಬೇಕಿದ್ದರೆ ಹಳದಿ ಜ್ವರವನ್ನು ನೋಡಬೇಕು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಊರುಗಳಲ್ಲಿ ಅದನ್ನು ಹರಡುವುದು ಇದೇ ಈಜಿಪ್ಟಿ. ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೇ 1881ರಲ್ಲಿ ಹಾಗೆಂದಾಗ ನಂಬದ ಲೋಕ 1900ರಲ್ಲಿ ವಾಲ್ಟರ್ ರೀಡ್ ಅವರ ತಂಡ ಪ್ರಯೋಗ ಮಾಡಿ ತೋರಿಸಿದಾಗ ನಂಬಿತು. ಏಷ್ಯಾದ ಈಜಿಪ್ಟಿಯೂ ಪ್ರಯೋಗಾಲಯದಲ್ಲಿ ಆ ವೈರಸ್ಸನ್ನು ಸಾಗಿಸುತ್ತದೆ. ಆದರೂ ಹಳದಿ ಜ್ವರ ಭಾರತದಲ್ಲಿ ನೆಲೆಯೂರಿಲ್ಲ, ಅಲ್ಲಿಂದ ಬರುವ ಪ್ರಯಾಣಿಕರಿಂದ ನಾವು ಲಸಿಕೆಯ ಪತ್ರ ಕೇಳುತ್ತೇವೆ. ಜೀಕಾ ಹಾಗೆ ಹೊರಗೆ ಉಳಿಯಲಿಲ್ಲ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಬಾಲಕಿಯೊಬ್ಬಳಲ್ಲಿ ರಾಜ್ಯದ ಮೊದಲ ಪ್ರಕರಣ ಕಂಡಿತು. ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲೇ ವೈರಸ್ಸು ಸಿಕ್ಕಿತು.

ಸೊಳ್ಳೆಯ ಕರುಳನ್ನು ನಾನು ತಿದ್ದಲಾರೆ ಎಂದೆ, ತಿದ್ದುವವರೂ ಇದ್ದಾರೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವನ್ನು ಈಜಿಪ್ಟಿಯ ಮೊಟ್ಟೆಗೆ ಸೇರಿಸಿದರೆ ಅದು ಸೊಳ್ಳೆಯ ಜೀವಕೋಶಗಳಲ್ಲಿ ಮನೆ ಮಾಡಿ ಡೆಂಗಿ ವೈರಸ್ಸಿಗೆ ಜಾಗವಿಲ್ಲದಂತೆ ಮಾಡುತ್ತದೆ, ತಾಯಿಯಿಂದ ಮರಿಗೆ ದಾಟುತ್ತಲೂ ಹೋಗುತ್ತದೆ. ಇಂಡೋನೇಷ್ಯಾದ ಯೋಗ್ಯಕರ್ತ ನಗರದಲ್ಲಿ ಅಂಥ ಸೊಳ್ಳೆಗಳನ್ನು ಬಿಟ್ಟ ಪ್ರದೇಶಗಳಲ್ಲಿ ಡೆಂಗಿ ಶೇಕಡಾ 77ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಯಿತು. ಪುದುಚೇರಿಯ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವೂ ಅಂಥ ಎರಡು ತಳಿಗಳನ್ನು ಸಿದ್ಧಪಡಿಸಿದೆ. ಸೊಳ್ಳೆ ಬಿಡುವ ಗಾಡಿ ನಮ್ಮ ಬೀದಿಗೆ ಬಂದರೆ ಪಕ್ಕದ ಮನೆಯವರು ಏನೆನ್ನಬಹುದೆಂದು ಯೋಚಿಸಿ ಒಬ್ಬನೇ ನಕ್ಕಿದ್ದೇನೆ. ಅದಕ್ಕಿಂತ ಹಳೆಯ ಉಪಾಯ ನಮ್ಮ ರಾಜ್ಯದಲ್ಲೇ ಹೊಳೆದದ್ದು: ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ 14 ವರ್ಷ ಮೊದಲು ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದಾಗ, ನೀರಿನ ಪಾತ್ರೆಗಳು ಸೊಳ್ಳೆಗೆ ಸಿಗದಂತೆ ಮಾಡಿದರೆ ಅವು ಕಡಿಮೆಯಾಗುವುದನ್ನು ಗಮನಿಸಿದ್ದರು.

ಗಣೇಶನನ್ನು ಬಿಟ್ಟ ಮರುದಿನ, ಎದುರು ಮನೆಯವರ ಜ್ವರ ಇಳಿದ ಮೇಲೆ, ಟಾರ್ಚು ಹಿಡಿದು ಅವರ ಮನೆಗೆ ಹೋದೆ. ಡ್ರಮ್ಮುಗಳಿಗೆಲ್ಲ ಬಿಗಿಯಾದ ಮುಚ್ಚಳವಿತ್ತು, ಸಂಪೂ ಭದ್ರವಾಗಿತ್ತು. ಫ್ರಿಜ್ಜಿನ ಹಿಂದಿನ ತಟ್ಟೆ ಒಣಗಿತ್ತು. ನನ್ನ ಶಾಸ್ತ್ರವೆಲ್ಲ ಸುಳ್ಳಾಯಿತೇ ಎಂದುಕೊಳ್ಳುತ್ತ ಹಿತ್ತಲಿಗೆ ಬಂದಾಗ ಬಚ್ಚಲ ಗೋಡೆಗೆ ಒತ್ತಿಕೊಂಡು ಹಳೆಯ ಒರಳುಕಲ್ಲು ಕಾಣಿಸಿತು. ಗ್ರೈಂಡರ್ ಬಂದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಒರಳಿನ ಕುಳಿಯಲ್ಲಿ ಎರಡು ಚೊಂಬಿನಷ್ಟು ಮಳೆನೀರು, ಅದರ ಮೇಲೆ ಒಂದು ನುಗ್ಗೆಸೊಪ್ಪಿನ ಎಲೆ. ಬೆಳಕು ಬಿಟ್ಟೆ. ಹುಳುಗಳು ಬಳುಕುತ್ತ ತಳಕ್ಕಿಳಿದವು, ಬದಿಯಲ್ಲಿ ಒಂದೆರಡು ಅಲ್ಪವಿರಾಮದ ಆಕಾರದ ಕೋಶಗಳು ತೇಲುತ್ತಿದ್ದವು. ಹಿತ್ತಲ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಜಾಲರಿ ಇದ್ದದ್ದು ಕಿಟಕಿಗಳಿಗೆ.

“ಅಜ್ಜಿ, ಇದನ್ನ ಬೋರಲು ಹಾಕಿಸಿಬಿಡಿ” ಎಂದೆ. “ಒರಳು ಬೋರಲು ಹಾಕಿದ್ರೆ ಮನೆಗೆ ಒಳ್ಳೇದಲ್ಲ ಕಣಪ್ಪಾ. ನಮ್ಮತ್ತೆ ಕಾಲದ್ದು” ಎಂದರು ಅಜ್ಜಿ. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆವು. ಮರುವಾರ ನೀರು ಬಂದ ದಿನ, ನಮ್ಮ ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಕಟ್ಟಿ ಮುಗಿಸಿ ಅವರ ಹಿತ್ತಲಿಗೆ ಇಣುಕಿದೆ. ಒರಳಿನ ಕುಳಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದರು. ಮೂರು ಕಡ್ಡಿಯಲ್ಲಿ ಎರಡು ಆಗಲೇ ಚಿಗುರಿದ್ದವು.